ಚರ್ಚಿನ ಆರಾಧನೆಗೆ ಮೊದಲ ಸಲ ಹೋಗುವವರ ಪ್ರಶ್ನೆಗಳು

ಗೆಳೆಯರು ಕರೆದರೆಂದೋ, ಮದುವೆಯ ನೆಪದಲ್ಲೋ, ಬರೀ ಕುತೂಹಲಕ್ಕೋ ಕ್ರೈಸ್ತ ಸಭೆಯೊಂದರ ಆರಾಧನೆಗೆ ಹೋಗುವ ಮುನ್ನ ಏನೇನು ತಿಳಿದಿರಬೇಕು ಎಂದು ಹಲವು ಓದುಗರು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಪದ್ಧತಿ ಬೇರೆಯಾಗುವ ಕಡೆ ಪಂಗಡದ ಹೆಸರು ಹಿಡಿದೇ ಹೇಳಿದ್ದೇವೆ. ‘ಕ್ರೈಸ್ತರೆಲ್ಲ ಹೀಗೆ ಮಾಡುತ್ತಾರೆ’ ಎಂದು ಒಂದೇ ಮಾತಿನಲ್ಲಿ ಹೇಳಬಹುದಾದ ಸಂಗತಿಗಳು ನಾವಂದುಕೊಳ್ಳುವುದಕ್ಕಿಂತ ಕಡಿಮೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಒಳಗೆ ಬಿಡುತ್ತಾರೆಯೇ? ಹೋದರೆ ಎಲ್ಲಿ ಕೂರಬೇಕು?

ಉತ್ತರ: ಬಿಡುತ್ತಾರೆ. ವಾರದ ಆರಾಧನೆಗೆ ಯಾರು ಬೇಕಾದರೂ ಬರಬಹುದು, ಮೊದಲೇ ಹೆಸರು ಬರೆಸಬೇಕಾಗಿಲ್ಲ. ದಿನ ಮತ್ತು ಹೊತ್ತನ್ನು ಮಾತ್ರ ಕೇಳಿಕೊಂಡು ಹೋಗಿ. ಸೆವೆಂತ್ ಡೇ ಅಡ್ವೆಂಟಿಸ್ಟರ ಆರಾಧನೆ ಶನಿವಾರ. ಕ್ಯಾಥೊಲಿಕರಲ್ಲಿ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೇ ಸೇರುತ್ತದೆ.

ಹತ್ತು ಹದಿನೈದು ನಿಮಿಷ ಮೊದಲೇ ಹೋದರೆ ಒಳ್ಳೆಯದು. ಬಾಗಿಲಲ್ಲಿ ಆ ದಿನದ ಹಾಳೆ ಕೊಟ್ಟರೆ ಬಿಡಬೇಡಿ: ಯಾವ ಹಾಡು, ಬೈಬಲಿನ ಯಾವ ಭಾಗ, ಜನ ಯಾವಾಗ ಏನು ಹೇಳಬೇಕು ಎಂಬುದು ಅದರಲ್ಲಿರುತ್ತದೆ. ಗೋಡೆಯ ಹಲಗೆಯ ಮೇಲೆ ಬರೀ ಅಂಕಿಗಳು ಕಂಡರೆ ಅವು ಹಾಡಿನ ಸಂಖ್ಯೆಗಳು. ಪುಟದ ಸಂಖ್ಯೆ ಎಂದುಕೊಂಡು ಹುಡುಕುವವರು ಹಾಡು ಮುಗಿಯುವವರೆಗೂ ಪುಸ್ತಕ ಮಗುಚುತ್ತಲೇ ಇರುತ್ತಾರೆ.

ಹೊಸಬರೆಂಬ ಮರ್ಯಾದೆಗೆ ಯಾರಾದರೂ ಮೊದಲ ಸಾಲಿಗೆ ಕರೆದರೆ ನಯವಾಗಿ ಬೇಡವೆನ್ನಿ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ನೋಡಿ ತಿಳಿಯಲು ಅಲ್ಲಿ ನಿಮ್ಮ ಮುಂದೆ ಯಾರೂ ಇರುವುದಿಲ್ಲ. ಆ ಸಾಲುಗಳು ಹಾಡುವವರಿಗೋ, ಅಂದು ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ) ಇರುವ ಮನೆಯವರಿಗೋ ಮೀಸಲಾಗಿರುವುದೂ ಉಂಟು. ನಡುವಿಗಿಂತ ತುಸು ಹಿಂದೆ, ಬೆಂಚಿನ ತುದಿಯಲ್ಲಿ ಕೂರುವುದೇ ಸರಿ. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಬೆಂಚುಗಳೇ ಇಲ್ಲದಿರಬಹುದು. ಅಲ್ಲಿ ನಿಂತು ಆರಾಧಿಸುವುದೇ ಹಳೆಯ ರೂಢಿ, ಗೋಡೆಯ ಬದಿಯ ಕುರ್ಚಿಗಳು ವಯಸ್ಸಾದವರಿಗೆ. ಕಾಪ್ಟಿಕ್ (ಈಜಿಪ್ಟಿನ), ಇಥಿಯೋಪಿಯನ್ ಸಂಪ್ರದಾಯಗಳಲ್ಲಿ ಗಂಡಸರು ಒಂದು ಪಕ್ಕ, ಹೆಂಗಸರು ಇನ್ನೊಂದು ಪಕ್ಕ. ಜೋಡಿಯಾಗಿ ಹೋದವರು ಒಳಗೆ ಕಾಲಿಟ್ಟ ಕೂಡಲೇ ಒಮ್ಮೆ ಸುತ್ತ ಕಣ್ಣಾಡಿಸಿ.

ಪ್ರಶ್ನೆ: ಎಷ್ಟು ಹೊತ್ತು ನಡೆಯುತ್ತದೆ? ಯಾವುದರ ನಂತರ ಯಾವುದು?

ಉತ್ತರ: ಕ್ರಿ.ಶ. 155ರ ಸುಮಾರಿಗೆ ನಂಬಿಕೆಗಾಗಿ ಪ್ರಾಣ ಕೊಟ್ಟ ‘ರಕ್ತಸಾಕ್ಷಿ’ ಜಸ್ಟಿನ್ ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಕೂಟದ ವಿವರ ಕೊಟ್ಟಿದ್ದಾರೆ. ಅಪೊಸ್ತಲರ (ಯೇಸು ಕಳಿಸಿದ ಪ್ರೇಷಿತರ) ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಹೊತ್ತು ಇರುವಷ್ಟು ಓದುವುದು, ಮುಂದಾಳಿನ ಉಪದೇಶ, ಎದ್ದು ನಿಂತು ಪ್ರಾರ್ಥನೆ. ಆಮೇಲೆ ರೊಟ್ಟಿ, ದ್ರಾಕ್ಷಾರಸ, ನೀರು ತರುವುದು, ಕೃತಜ್ಞತಾಸ್ತುತಿ, ಜನರ ‘ಆಮೆನ್’, ಹಂಚಿಕೆ. ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರಿಗೆಂದು ಕಾಣಿಕೆ. ಇಂದು ಪೂಜಾವಿಧಿ ಇಟ್ಟುಕೊಂಡಿರುವ ಸಭೆಗಳಲ್ಲಿ ಈ ಅನುಕ್ರಮ ಹೆಚ್ಚು ಕದಲಿಲ್ಲ. ಮೊದಲರ್ಧ ವಾಕ್ಯ, ಎರಡನೆಯರ್ಧ ರೊಟ್ಟಿ-ದ್ರಾಕ್ಷಾರಸ ಎಂದು ನೆನಪಿಟ್ಟುಕೊಂಡರೆ ಅಂಥ ಯಾವ ಸಭೆಗೆ ಹೋದರೂ ದಾರಿ ತಪ್ಪುವುದಿಲ್ಲ.

ಕ್ಯಾಥೊಲಿಕರ ಭಾನುವಾರದ ಪೂಜೆಗೆ ಸುಮಾರು ಒಂದು ಗಂಟೆ, ವಾರದ ದಿನಗಳಲ್ಲಿ ಅರ್ಧ ಗಂಟೆ. ಪ್ರವೇಶ ಗೀತೆ, ತಪ್ಪೊಪ್ಪಿಗೆಯ ಪ್ರಾರ್ಥನೆ. ಬಳಿಕ ಕೂತು ಒಂದನೆಯ ವಾಚನ (ಸಾಮಾನ್ಯವಾಗಿ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಿಂದ), ಕೀರ್ತನೆ, ಪ್ರೇಷಿತರ ಪತ್ರದಿಂದ ಎರಡನೆಯ ವಾಚನ. ಶುಭಸಂದೇಶ (ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನರ ಪುಸ್ತಕಗಳು) ಓದುವಾಗ ಎಲ್ಲರೂ ಏಳುತ್ತಾರೆ, ಹೆಬ್ಬೆರಳಿನಿಂದ ಹಣೆ, ತುಟಿ, ಎದೆಗೆ ಪುಟ್ಟ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಪ್ರವಚನ, ವಿಶ್ವಾಸಪ್ರಮಾಣ (ನಂಬಿಕೆಯ ಸಾರವನ್ನು ಎಲ್ಲರೂ ಒಟ್ಟಿಗೆ ಹೇಳುವುದು), ಲೋಕದ ಅಗತ್ಯಗಳಿಗಾಗಿ ಬಿನ್ನಹಗಳು. ಇಲ್ಲಿಗೆ ಮೊದಲರ್ಧ ಮುಗಿಯಿತು. ಕಾಣಿಕೆ ಎತ್ತುವಾಗ ಪೀಠ ಸಿದ್ಧವಾಗುತ್ತದೆ. ಗುರುಗಳು ದೀರ್ಘ ಸ್ತುತಿಪ್ರಾರ್ಥನೆ ಹೇಳುವಾಗ ಜನ ಮೊಣಕಾಲೂರುತ್ತಾರೆ. ಆಮೇಲೆ ಕರ್ತರ ಪ್ರಾರ್ಥನೆ (‘ಪರಲೋಕದಲ್ಲಿರುವ ನಮ್ಮ ತಂದೆಯೇ’), ಅಕ್ಕಪಕ್ಕದವರಿಗೆ ಶಾಂತಿ ಕೋರುವುದು, ಪರಮಪ್ರಸಾದ (ಪವಿತ್ರಗೊಳಿಸಿದ ರೊಟ್ಟಿ-ದ್ರಾಕ್ಷಾರಸದ ಹಂಚಿಕೆ), ಆಶೀರ್ವಾದ. ಓದುವ ಭಾಗಗಳು ಮೊದಲೇ ಗೊತ್ತಾಗಿರುತ್ತವೆ: ಮೂರು ವರ್ಷದ ಸರದಿಯಲ್ಲಿ ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. ಯೋಹಾನನ ಭಾಗಗಳು ನಡುನಡುವೆ ಬರುತ್ತವೆ. ಇದನ್ನೇ ತುಸು ಮಾರ್ಪಡಿಸಿ 1992ರಲ್ಲಿ ಹೊರತಂದ ಪಟ್ಟಿಯನ್ನು ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಬಳಸುತ್ತವೆ. ಹೋಗುವ ಹಿಂದಿನ ರಾತ್ರಿ ಆ ಭಾಗಗಳನ್ನು ಓದಿಕೊಂಡರೆ ಪ್ರವಚನ ತಲೆಗೆ ಹತ್ತುತ್ತದೆ.

ಆಂಗ್ಲಿಕನ್, ಲೂಥರನ್ ಸಭೆಗಳ ಕ್ರಮ ಇದಕ್ಕೆ ಬಹಳ ಹತ್ತಿರ. ಬ್ಯಾಪ್ಟಿಸ್ಟ್ ಮತ್ತು ಸ್ವತಂತ್ರ ಸಭೆಗಳಲ್ಲಿ ಹಾಡು, ಪ್ರಾರ್ಥನೆ, ಪ್ರಸಂಗ ಇವೇ ಮುಖ್ಯ. ಪ್ರಸಂಗವೇ ಮುಕ್ಕಾಲು ಗಂಟೆ ಹಿಡಿದೀತು. ಪೆಂಟೆಕೋಸ್ಟಲ್ ಸಭೆಯಲ್ಲಿ ಶುರುವಿನ ಹಾಡುಗಾರಿಕೆಯೇ ಅರ್ಧ ಗಂಟೆ ದಾಟುತ್ತದೆ, ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ. ಆರ್ಥೊಡಾಕ್ಸರ ಪವಿತ್ರ ವಿಧಿಯೂ ಒಂದೂವರೆಯಿಂದ ಎರಡು ಗಂಟೆ. ಬಹುತೇಕ ಪೂರ್ತಿ ರಾಗದಲ್ಲೇ ಸಾಗುತ್ತದೆ, ಧೂಪ ಹೆಚ್ಚು, ಹೊಗೆ ಆಗದವರು ಬಾಗಿಲ ಹತ್ತಿರ ನಿಂತರೆ ವಾಸಿ. ಇವೆಲ್ಲಕ್ಕೂ ತೀರಾ ಬೇರೆ ಕ್ವೇಕರರ ಮೌನಕೂಟ: ಪೀಠವಿಲ್ಲ, ಹಾಡಿಲ್ಲ, ಪಾದ್ರಿಯಿಲ್ಲ. ಸುಮಾರು ಒಂದು ಗಂಟೆ ಸುಮ್ಮನೆ ಕೂರುತ್ತಾರೆ, ಪ್ರೇರಣೆ ಬಂದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ, ಹಿರಿಯರು ಕೈಕುಲುಕಿದರೆ ಮುಗಿಯಿತು.

ಪ್ರಶ್ನೆ: ಎಲ್ಲರೂ ಎದ್ದಾಗ ನಾನೂ ಏಳಬೇಕೇ? ಮೊಣಕಾಲೂರಬೇಕೇ? ಶಿಲುಬೆಯ ಗುರುತು ಹಾಕದಿದ್ದರೆ ತಪ್ಪು ತಿಳಿಯುತ್ತಾರೆಯೇ?

ಉತ್ತರ: ಆರಾಧನೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಕೆಲವು ಬರೀ ಮರ್ಯಾದೆ, ಕೆಲವು ‘ನಾನಿದನ್ನು ನಂಬುತ್ತೇನೆ’ ಎಂಬ ಒಪ್ಪಿಗೆ. ಏಳುವುದು, ಕೂರುವುದು, ಮೌನದ ಹೊತ್ತಿನಲ್ಲಿ ಸುಮ್ಮನಿರುವುದು ಮೊದಲ ಬಗೆ. ಇವನ್ನು ಎಲ್ಲರ ಜೊತೆ ಮಾಡಿ. ಶಿಲುಬೆಯ ಗುರುತು, ವಿಶ್ವಾಸಪ್ರಮಾಣ ಹೇಳುವುದು, ರೊಟ್ಟಿ ತೆಗೆದುಕೊಳ್ಳುವುದು ಎರಡನೆಯ ಬಗೆ. ನಂಬದೆ ಇವನ್ನು ಮಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ಮಾಡದಿದ್ದರೆ ಯಾರೂ ಮುಖ ಸಿಂಡರಿಸುವುದೂ ಇಲ್ಲ. ಹಾಡುವುದು, ಪ್ರಾರ್ಥನೆಗೆ ‘ಆಮೆನ್’ ಎನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಮೊಣಕಾಲೂರುವ ಹೊತ್ತಿಗೆ ಸುಮ್ಮನೆ ಕೂತಿದ್ದರೆ ಸಾಕು. ಆದರೆ ಒಂದು ಎಚ್ಚರಿಕೆ. ಮುಂದಿನ ಬೆಂಚಿನ ಹಿಂಬದಿಗೆ ಕೀಲು ಹಾಕಿ ಕೂರಿಸಿದ ಉದ್ದನೆಯ ಹಲಗೆಯೊಂದಿರುತ್ತದೆ. ಸಾಲಿನ ಒಬ್ಬರು ಇಳಿಸಿದರೆ ಇಡೀ ಸಾಲಿಗೆ ಇಳಿಯುತ್ತದೆ. ಕಾಲು ಮುಂದೆ ಚಾಚಿ ಕೂತ ಹೊಸಬರ ಬೆರಳ ಮೇಲೆ ಅದು ಬೀಳುವುದು ಅಪರೂಪವೇನಲ್ಲ. ಗಂಟೆ ಕೇಳಿಸಿದರೆ, ಜನ ಅಲುಗಾಡಿದರೆ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳಿ. ಹಿಂದಿನ ಸಾಲಿನವರು ಮೊಣಕಾಲೂರಿದಾಗ ಅವರ ಕೈಗಳು ನಿಮ್ಮ ಬೆನ್ನಿನ ಹಲಗೆಯ ಮೇಲೇ ಇರುತ್ತವೆ. ತುಸು ಮುಂದೆ ಸರಿದು ಕೂತರೆ ಇಬ್ಬರಿಗೂ ಅನುಕೂಲ.

ಪ್ರಶ್ನೆ: ಕ್ಯಾಥೊಲಿಕ್ ಚರ್ಚಿನಲ್ಲಿ ಸಾಲಿನಲ್ಲಿ ಹೋಗಿ ರೊಟ್ಟಿ ತೆಗೆದುಕೊಂಡೆ. ಆಮೇಲೆ ತಿಂದರಾಯಿತೆಂದು ಜೇಬಿಗೆ ಹಾಕಿಕೊಂಡಾಗ ಒಬ್ಬರು ಹಿಂದೆಯೇ ಬಂದು ವಾಪಸು ಕೇಳಿದರು. ಅಷ್ಟೊಂದು ಗಾಬರಿ ಏಕೆ?

ಉತ್ತರ: ಮೊದಲ ಸಲ ಹೋದವರು ಎಡವುವುದು ಹೆಚ್ಚಾಗಿ ಇಲ್ಲೇ. ಕ್ಯಾಥೊಲಿಕರ ನಂಬಿಕೆಯಲ್ಲಿ, ಪೂಜೆಯಲ್ಲಿ ಗುರುಗಳು ಯೇಸುವಿನ ಮಾತುಗಳನ್ನು ಹೇಳಿದ ಮೇಲೆ ಅದು ರೊಟ್ಟಿಯಾಗಿ ಉಳಿಯುವುದಿಲ್ಲ, ಕ್ರಿಸ್ತನ ದೇಹವೇ ಆಗಿರುತ್ತದೆ. ಹಾಗಾಗಿ ತೆಗೆದುಕೊಂಡವರು ಅಲ್ಲೇ, ಕೊಟ್ಟವರ ಕಣ್ಣೆದುರಲ್ಲೇ ಸೇವಿಸಬೇಕು. ಜೇಬಿಗೆ ಹೋದ ರೊಟ್ಟಿ ನೆಲಕ್ಕೆ ಬೀಳಬಹುದು, ಕಸಕ್ಕೆ ಸೇರಬಹುದು ಎಂಬುದೇ ಅವರ ಭಯ. ನಿಮ್ಮನ್ನು ಹಿಂಬಾಲಿಸಿದವರು ಬೈಯಲು ಬಂದವರಲ್ಲ, ಅದನ್ನು ಕಾಪಾಡಲು ಬಂದವರು. ಗೊತ್ತಿಲ್ಲದೆ ಕೈಗೆ ಬಂದುಬಿಟ್ಟರೆ ಅಲ್ಲೇ ಗುರುಗಳಿಗೆ ಮರಳಿ ಕೊಟ್ಟು ‘ನಾನು ಕ್ರೈಸ್ತನಲ್ಲ’ ಎಂದರೆ ಮುಗಿಯಿತು.

ಯಾರು ತೆಗೆದುಕೊಳ್ಳಬಹುದು ಎಂಬುದು ಪಂಗಡದ ಮೇಲೆ ನಿಂತಿದೆ. ಕ್ಯಾಥೊಲಿಕರು ಮತ್ತು ಆರ್ಥೊಡಾಕ್ಸರು ಸಾಮಾನ್ಯವಾಗಿ ತಮ್ಮ ಸಭೆಯವರಿಗಷ್ಟೇ ಕೊಡುತ್ತಾರೆ. ಆಂಗ್ಲಿಕನರು ಹೆಚ್ಚಿನ ಕಡೆ ಬೇರೆ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವರಿಗೂ ಕೊಡುತ್ತಾರೆ. ಮೆಥೊಡಿಸ್ಟರು ಇನ್ನೂ ಉದಾರಿಗಳು. ಲೂಥರನರಲ್ಲೇ ಎರಡು ರೀತಿ: ಕೆಲವು ಸಭೆಗಳು ಎಲ್ಲ ಕ್ರೈಸ್ತರನ್ನು ಕರೆಯುತ್ತವೆ, ಕೆಲವು ತಮ್ಮವರನ್ನಷ್ಟೇ. ಬಿಗಿಯಾಗಿರುವ ಸಭೆಗಳನ್ನು ನೋಡಿ ‘ಜಂಭ’ ಎನ್ನುವುದು ಸುಲಭ, ಆದರೆ ಅದು ಸರಿಯಾದ ಓದಲ್ಲ. ಅಯೋಗ್ಯವಾಗಿ ಈ ರೊಟ್ಟಿ ತಿಂದವನು ತನಗೇ ದಂಡನೆ ತಂದುಕೊಳ್ಳುತ್ತಾನೆ ಎಂದು ಬೈಬಲಿನಲ್ಲಿ ಪ್ರೇಷಿತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ನಂಬದವರಿಗೆ ಕೊಡದಿರುವುದು ಅವರ ಹಿತಕ್ಕೇ ಎಂದು ಈ ಸಭೆಗಳು ಭಾವಿಸುತ್ತವೆ. ಇದು ಈಚಿನ ಕಟ್ಟುಪಾಡೂ ಅಲ್ಲ, ದೀಕ್ಷಾಸ್ನಾನವಾಗದವರಿಗೆ ಕೊಡುವುದಿಲ್ಲ ಎಂದು ಜಸ್ಟಿನ್ ಆಗಲೇ ಬರೆದಿದ್ದಾರೆ.

ರೊಟ್ಟಿಯಲ್ಲಿ ನಿಜಕ್ಕೂ ಏನಾಗುತ್ತದೆ ಎಂಬುದರಲ್ಲಿ ಪ್ರೊಟೆಸ್ಟೆಂಟರಿಗೇ ಒಮ್ಮತವಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಊರಿನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತು 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಕೊನೆಯದರಲ್ಲಿ, ಅಂದರೆ ರೊಟ್ಟಿ-ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ-ರಕ್ತ ನಿಜವಾಗಿ ಇವೆಯೇ ಎಂಬಲ್ಲಿ, ಮುರಿದುಬಿತ್ತು. ಬ್ಯಾಪ್ಟಿಸ್ಟ್ ಸಭೆಯಲ್ಲಿ ಅದು ನೆನಪಿನ ಭೋಜನ, ತಿಂಗಳಿಗೊಮ್ಮೆಯೂ ಇದ್ದೀತು. ಕ್ಯಾಥೊಲಿಕರಲ್ಲಿ ಅದೇ ಪೂಜೆಯ ತಿರುಳು. ಎರಡು ಕಡೆಯ ವಾತಾವರಣ ಏಕೆ ಬೇರೆ ಎಂಬುದಕ್ಕೆ ಕಾರಣ ಇಲ್ಲಿದೆ.

ಇನ್ನು ಸಾಲಿನ ವಿಷಯ. ಜನ ಒಂದೊಂದೇ ಬೆಂಚು ಖಾಲಿ ಮಾಡುತ್ತಾ ಹೋಗುವುದರಿಂದ ಹೊಸಬರು ತಮಗರಿವಿಲ್ಲದೆ ಜೊತೆಗೇ ಹೊರಟುಬಿಡುತ್ತಾರೆ. ನಿಮ್ಮ ಬೆಂಚಿನ ಸರದಿ ಬಂದಾಗ ಎದ್ದು ದಾರಿಗೆ ಸರಿದು ಉಳಿದವರನ್ನು ಬಿಡಿ, ಮತ್ತೆ ಬಂದು ಕೂರಿ. ಎರಡು ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಹೋದರೆ ಬರೀ ಆಶೀರ್ವಾದ ಕೊಡುತ್ತಾರೆ ಎಂದು ಯಾರಾದರೂ ಹೇಳಿಕೊಟ್ಟಾರು. ಆಂಗ್ಲಿಕನ್ ಚರ್ಚುಗಳಲ್ಲಿ, ಕೆಲವು ಕ್ಯಾಥೊಲಿಕ್ ಚರ್ಚುಗಳಲ್ಲಿ ಇದು ನಡೆಯುತ್ತದೆ. ಆರ್ಥೊಡಾಕ್ಸರಲ್ಲಿ ಮಾತ್ರ ಇದರ ಅರ್ಥ ಪೂರಾ ತಿರುಗುಮುರುಗು. ಅಲ್ಲಿ ಕೈ ಅಡ್ಡವಿಟ್ಟು ಬಂದವರು ಸ್ವೀಕರಿಸಲು ಬಂದವರೆಂದೇ ಲೆಕ್ಕ. ಅಲ್ಲಿ ಹಾಗೆ ಹೋಗಲೇಬೇಡಿ. ಕೊನೆಯಲ್ಲಿ ಅವರು ಆಶೀರ್ವದಿಸಿದ ರೊಟ್ಟಿಯ ತುಂಡುಗಳನ್ನು ಹಂಚುತ್ತಾರೆ, ಅದು ಬೇರೆ. ಅತಿಥಿಗಳಿಗೂ ಸಾಮಾನ್ಯವಾಗಿ ಕೊಡುತ್ತಾರೆ, ತೆಗೆದುಕೊಳ್ಳಬಹುದು.

ಕೂತಲ್ಲಿಗೇ ತಟ್ಟೆ ಬರುವ ಸಭೆಗಳಲ್ಲಿ ಹೆಬ್ಬೆರಳು ಗಾತ್ರದ ಲೋಟಗಳನ್ನು ಗುಂಡಿಗಳಲ್ಲಿ ಜೋಡಿಸಿದ ದುಂಡು ತಟ್ಟೆಯೊಂದು ಕೈಯಿಂದ ಕೈಗೆ ಬರುತ್ತದೆ. ಅದು ಭಾರ, ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸಿ. ತೆಗೆದುಕೊಳ್ಳುವ ಕ್ರೈಸ್ತರಾಗಿದ್ದರೆ ಕೂಡಲೇ ಕುಡಿಯಬೇಡಿ, ಎಲ್ಲರಿಗೂ ತಲುಪಿದ ಮೇಲೆ ಒಟ್ಟಿಗೆ ಕುಡಿಯುವುದು ಹಲವು ಕಡೆಯ ರೂಢಿ. ಲೋಟದಲ್ಲಿರುವುದು ವೈನೋ ಬರೀ ದ್ರಾಕ್ಷಿ ರಸವೋ ಎಂದು ಮೊದಲೇ ಕೇಳಿದರೆ ತಪ್ಪಿಲ್ಲ. 1869ರಲ್ಲಿ ಮೆಥೊಡಿಸ್ಟ್ ಸಭೆಯ ಥಾಮಸ್ ವೆಲ್ಚ್ ಎಂಬ ದಂತವೈದ್ಯರು ದ್ರಾಕ್ಷಿ ರಸ ಹುಳಿಯದಂತೆ ಕಾಯಿಸಿಡುವ ಕ್ರಮ ಕಂಡುಕೊಂಡಿದ್ದೇ ಈ ಭೋಜನಕ್ಕಾಗಿ. ಗೋಧಿ ಆಗದವರೂ ಮೊದಲೇ ಹೇಳಬೇಕು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೇರೆ ರೊಟ್ಟಿ ಇಟ್ಟಿರಬಹುದು. ಕ್ಯಾಥೊಲಿಕ್ ನಿಯಮದಲ್ಲಿ ಗೋಧಿಯೇ ಇಲ್ಲದ ರೊಟ್ಟಿ ನಡೆಯುವುದಿಲ್ಲ, ಗ್ಲುಟೆನ್ ತೀರಾ ಕಡಿಮೆ ಇರುವುದು ನಡೆಯುತ್ತದೆ. ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು.

ಪ್ರಶ್ನೆ: ಶಾಲೆಯಲ್ಲಿ ಕಲಿತ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ನಾನೂ ಹೇಳಿದೆ. ಎಲ್ಲರೂ ನಿಲ್ಲಿಸಿದರು, ನನ್ನ ದನಿಯೊಂದೇ ಮುಂದುವರಿಯಿತು. ತಪ್ಪು ಕಲಿತಿದ್ದೇನೆಯೇ?

ಉತ್ತರ: ಇಲ್ಲ, ನೀವು ಕಲಿತದ್ದು ಪ್ರೊಟೆಸ್ಟೆಂಟ್ ರೂಪ. ಅದು ‘ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ’ ಎಂದು ಮುಗಿಯುತ್ತದೆ. ಕ್ಯಾಥೊಲಿಕ್ ಪೂಜೆಯಲ್ಲಿ ಕೇಡಿನಿಂದ ತಪ್ಪಿಸೆಂದು ಬೇಡುವ ಸಾಲಿಗೆ ಜನ ನಿಲ್ಲಿಸುತ್ತಾರೆ, ಗುರುಗಳು ಒಂದು ಪುಟ್ಟ ಪ್ರಾರ್ಥನೆ ಹೇಳುತ್ತಾರೆ, ಆಮೇಲೆ ಆ ಮುಕ್ತಾಯದ ಸಾಲನ್ನು ಎಲ್ಲರೂ ಹೇಳುತ್ತಾರೆ. ಹುಟ್ಟಾ ಪ್ರೊಟೆಸ್ಟೆಂಟರೂ ಇಲ್ಲಿ ಮುಗ್ಗರಿಸುತ್ತಾರೆ.

ಪ್ರಶ್ನೆ: ಒಬ್ಬನೇ ದೇವರು ಎನ್ನುತ್ತಾರೆ, ಮೂವರ ಹೆಸರು ಹೇಳುತ್ತಾರೆ. ಒಟ್ಟಿನಲ್ಲಿ ಅವರು ನಂಬುವುದೇನು?

ಉತ್ತರ: ಆರಾಧನೆಯ ನಡುವೆ ಎಲ್ಲರೂ ಎದ್ದು ಹೇಳುವ ವಿಶ್ವಾಸಪ್ರಮಾಣವನ್ನು ಗಮನವಿಟ್ಟು ಕೇಳಿ, ಉತ್ತರ ಅದರಲ್ಲೇ ಇದೆ. 325ರಲ್ಲಿ ನೀಸಿಯ ಪಟ್ಟಣದ ಧರ್ಮಸಭೆ ರೂಪಿಸಿದ್ದು, 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬೆಳೆದದ್ದು. ಅದರಂತೆ ದೇವರು ಒಬ್ಬನೇ; ತಂದೆ, ಮಗ, ಪವಿತ್ರಾತ್ಮ ಆ ಒಬ್ಬ ದೇವರಲ್ಲಿರುವ ಮೂವರು ವ್ಯಕ್ತಿಗಳು, ಮೂರು ದೇವರುಗಳಲ್ಲ. ಮಗನಾದ ಯೇಸು ಪೂರ್ಣ ದೇವರೂ ಹೌದು, ಮರಿಯಳ ಮಗನಾಗಿ ಹುಟ್ಟಿದ ಪೂರ್ಣ ಮನುಷ್ಯನೂ ಹೌದು. ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿ ಸತ್ತು, ಮೂರನೆಯ ದಿನ ಎದ್ದು ಬಂದವನು, ತೀರ್ಪು ಮಾಡಲು ಮತ್ತೆ ಬರುವವನು. ಸತ್ತವರು ಪುನರುತ್ಥಾನ ಹೊಂದುತ್ತಾರೆ. ಶಿಲುಬೆಯ ಸಾವು ಮನುಷ್ಯರ ಪಾಪಕ್ಕಾಗಿ, ರಕ್ಷಣೆ ದೇವರ ಕೃಪೆಯಿಂದ ಎಂಬಲ್ಲಿಯೂ ಮುಖ್ಯ ಪಂಗಡಗಳಿಗೆ ಒಮ್ಮತವಿದೆ.

ಭಿನ್ನಮತ ಇರುವುದು ಅದರಿಂದಾಚೆಗೆ. ಪವಿತ್ರಾತ್ಮ ತಂದೆಯಿಂದ ಮಾತ್ರವಲ್ಲ, ‘ಮಗನಿಂದಲೂ’ ಹೊರಡುವನು ಎಂದು ಪಶ್ಚಿಮದವರು ವಿಶ್ವಾಸಪ್ರಮಾಣಕ್ಕೆ ಮಾಡಿದ ಸೇರ್ಪಡೆಯನ್ನು ಪೂರ್ವದ ಆರ್ಥೊಡಾಕ್ಸರು ಇಂದಿಗೂ ಒಪ್ಪಿಲ್ಲ. ಪೋಪರ ಅಧಿಕಾರ, ಸಂತರಲ್ಲಿ ಬಿನ್ನಹ, ಮಕ್ಕಳಿಗೆ ದೀಕ್ಷಾಸ್ನಾನ ಇವು ಉಳಿದ ಗಡಿಗಳು. ಬೈಬಲೂ ಎಲ್ಲರಿಗೂ ಒಂದೇ ಅಲ್ಲ: ಪ್ರೊಟೆಸ್ಟೆಂಟರಿಗೆ 66 ಪುಸ್ತಕ, ಕ್ಯಾಥೊಲಿಕರಿಗೆ 73.

ಪ್ರಶ್ನೆ: ‘ಯೋಹಾನ 3:16 ತೆಗೆಯಿರಿ’ ಎಂದಾಗ ಎಲ್ಲರೂ ಥಟ್ಟನೆ ತೆಗೆಯುತ್ತಾರೆ. ನನಗೆ ಸಿಗುವುದೇ ಇಲ್ಲ.

ಉತ್ತರ: ಮೊದಲಿನದು ಪುಸ್ತಕದ ಹೆಸರು, 3 ಅಧ್ಯಾಯ, 16 ವಚನ. ಬರೀ ‘ಯೋಹಾನ’ ಎಂದರೆ ಹೊಸ ಒಡಂಬಡಿಕೆಯ ನಾಲ್ಕನೆಯ ಪುಸ್ತಕ. ‘1 ಯೋಹಾನ’ ಎಂದರೆ ಕೊನೆಯ ಹತ್ತಿರವಿರುವ ಪುಟ್ಟ ಪತ್ರ. ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಕೀರ್ತನೆಗಳಾದರೆ ಪುಸ್ತಕವನ್ನು ನಟ್ಟನಡುವೆ ತೆರೆಯಿರಿ, ಅಲ್ಲೇ ಆಸುಪಾಸಿನಲ್ಲಿರುತ್ತವೆ. ಪರಿವಿಡಿ ನೋಡಲು ಸಂಕೋಚ ಬೇಡ.

ಪ್ರಶ್ನೆ: ಕಾಣಿಕೆಯ ಚೀಲ ಬಂದಾಗ ಎಷ್ಟು ಹಾಕಬೇಕು?

ಉತ್ತರ: ಏನೂ ಹಾಕಬೇಕಾಗಿಲ್ಲ. ಚೀಲವನ್ನು ಮುಂದಕ್ಕೆ ದಾಟಿಸಿ. ಸಭೆಯ ಖರ್ಚು ಸಭೆಯವರ ಹೊಣೆ, ‘ಅತಿಥಿಗಳು ಕೊಡಬೇಕಾಗಿಲ್ಲ’ ಎಂದು ಎಷ್ಟೋ ಕಡೆ ಬಾಯಿಬಿಟ್ಟೇ ಹೇಳುತ್ತಾರೆ. ಆದಾಯದ ಹತ್ತರಲ್ಲೊಂದು ಪಾಲು ಎಂಬ ದಶಮಾಂಶದ ಮಾತು ಕಿವಿಗೆ ಬಿದ್ದರೆ ಅದೂ ಸದಸ್ಯರನ್ನು ಕುರಿತದ್ದೇ.

ಪ್ರಶ್ನೆ: ಪೆಂಟೆಕೋಸ್ಟಲ್ ಸಭೆಯಲ್ಲಿ ಜನ ಅರ್ಥವಾಗದ ನುಡಿಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದರು. ಕೊನೆಗೆ ‘ಕೈ ಎತ್ತಿ, ಮುಂದೆ ಬನ್ನಿ’ ಎಂದರು. ಮುಜುಗರವಾಯಿತು.

ಉತ್ತರ: ಆ ನುಡಿಯನ್ನು ಅವರು ಪವಿತ್ರಾತ್ಮನ ವರವೆಂದು ನಂಬುತ್ತಾರೆ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಶುರುವಾದ ಕೂಟಗಳಿಂದ ಈ ಚಳವಳಿ ಲೋಕವ್ಯಾಪಿಯಾಯಿತು. ಇಬ್ಬರು ಅಥವಾ ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು ಮಾತಾಡಲಿ, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಲಿ ಎಂದು ಪೌಲನ ಕಟ್ಟಪ್ಪಣೆ (1 ಕೊರಿಂಥ 14:27-28). ಇದನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕೆಂಬುದು ಕ್ರೈಸ್ತರೊಳಗೇ ಚರ್ಚೆಯ ವಿಷಯ. ನೀವು ಸುಮ್ಮನೆ ಕೂತಿರಬಹುದು.

ಮುಂದೆ ಬನ್ನಿ ಎಂಬ ಕರೆ ಯೇಸುವನ್ನು ಒಪ್ಪಿಕೊಳ್ಳುವವರಿಗೆ ಮತ್ತು ಪ್ರಾರ್ಥನೆ ಬಯಸುವವರಿಗೆ. ಪಕ್ಕದವರು ಪ್ರೀತಿಯಿಂದಲೇ ತಳ್ಳಿದರೂ ಮನಸ್ಸಿಲ್ಲದಿದ್ದರೆ ಹೋಗಬೇಡಿ. ಹೊಸಬರ ಕಾರ್ಡಿನಲ್ಲಿ ಫೋನ್ ನಂಬರ್ ಬರೆದರೆ ವಾರದಲ್ಲಿ ಕರೆ ಬರುವುದು ಖಂಡಿತ. ಬೇಡವಾದರೆ ಹೆಸರಷ್ಟೇ ಬರೆಯಿರಿ, ಇಲ್ಲವೇ ಖಾಲಿ ಬಿಡಿ.

ಪ್ರಶ್ನೆ: ಉಡುಪು, ಫೋಟೊ, ಪುಟ್ಟ ಮಕ್ಕಳು?

ಉತ್ತರ: ಭುಜ, ಮೊಣಕಾಲು ಮುಚ್ಚುವ ಬಟ್ಟೆ ಎಲ್ಲ ಕಡೆಗೂ ಸಲ್ಲುತ್ತದೆ. ಗಂಡಸರು ಟೋಪಿ ತೆಗೆಯಬೇಕು. ಹಲವು ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹೆಂಗಸರು ತಲೆಗೆ ವಸ್ತ್ರ ಹಾಕುತ್ತಾರೆ. ಇಥಿಯೋಪಿಯನ್ ಸಂಪ್ರದಾಯದಲ್ಲಿ ಚಪ್ಪಲಿ ಹೊರಗೆ. ಫೋಟೊ ಬೇಡ, ಅದರಲ್ಲೂ ರೊಟ್ಟಿ ಹಂಚುವಾಗ. ಮಗು ಅತ್ತರೆ ಎತ್ತಿಕೊಂಡು ಹಿಂಬದಿಗೆ ಹೋಗಿ ಬನ್ನಿ, ಯಾರೂ ಏನೂ ಅನ್ನುವುದಿಲ್ಲ. ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ಯುವ ಸಭೆಯಾದರೆ ಹೆಸರು ಬರೆಸಿ ಚೀಟಿ ಪಡೆದೇ ಬಿಡಿ, ಒಬ್ಬರೇ ನೋಡಿಕೊಳ್ಳುವ ಕೋಣೆಯಾದರೆ ಬಿಡಬೇಡಿ.

ಪ್ರಶ್ನೆ: ಯಾವ ದಿನ ಹೋದರೆ ಚೆನ್ನ? ಶುಭ ಶುಕ್ರವಾರ ಹೋಗೋಣವೆಂದಿದ್ದೇನೆ.

ಉತ್ತರ: ಮೊದಲ ಸಲಕ್ಕೆ ಹಬ್ಬವಿಲ್ಲದ ಮಾಮೂಲಿ ಭಾನುವಾರವೇ ವಾಸಿ. ಶುಭ ಶುಕ್ರವಾರ ಕ್ಯಾಥೊಲಿಕರಲ್ಲಿ ರೊಟ್ಟಿ-ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಯೇ ಇರುವುದಿಲ್ಲ. ಪೀಠ ಬರಿದು. ಯೋಹಾನನ ಶುಭಸಂದೇಶದಿಂದ ಯಾತನೆಯ ಕಥೆ ಓದುತ್ತಾರೆ, ಶಿಲುಬೆಗೆ ನಮಿಸುತ್ತಾರೆ, ಹಿಂದಿನ ದಿನ ಉಳಿಸಿದ ಪರಮಪ್ರಸಾದ ಹಂಚುತ್ತಾರೆ. ಅದನ್ನು ನೋಡಿ ‘ಪೂಜೆ ಹೀಗೆ’ ಎಂದುಕೊಂಡರೆ ತಪ್ಪಾಗುತ್ತದೆ.

ಈಗಾಗಲೇ ಒಂದೆರಡು ಸಲ ಹೋಗಿದ್ದರೆ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯನ್ನು ತಪ್ಪಿಸಿಕೊಳ್ಳಬೇಡಿ. ಕತ್ತಲಲ್ಲಿ ಹೊರಗೆ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಮೇಣದ ಬತ್ತಿ ಬೆಳಗಿಸಿ ಒಳಗೆ ತರುತ್ತಾರೆ. ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನಗಳಿರಬಹುದು, ಮೂರಕ್ಕಂತೂ ಕಡಿಮೆಯಿಲ್ಲ. ದೊಡ್ಡವರ ದೀಕ್ಷಾಸ್ನಾನವೂ ಅಂದೇ. ಊಟ ಮುಗಿಸಿಕೊಂಡು ಹೋಗಿ, ತಡವಾಗುತ್ತದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. ಆರ್ಥೊಡಾಕ್ಸರಲ್ಲಿ ಹೆಚ್ಚಿನವರು ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ ಹಿಡಿಯುವುದರಿಂದ ಅನೇಕ ವರ್ಷಗಳಲ್ಲಿ ಅವರ ಈಸ್ಟರ್ ತಡವಾಗಿ ಬರುತ್ತದೆ.

ಪ್ರಶ್ನೆ: ಮುಗಿದ ಮೇಲೆ ಪಾದ್ರಿಯವರನ್ನು ಏನು ಕೇಳಬಹುದು?

ಉತ್ತರ: ಅವರು ಬಾಗಿಲ ಬಳಿ ನಿಂತಾಗ ಹಿಂದೆ ಸಾಲೇ ಇರುತ್ತದೆ, ಅಲ್ಲಿ ನಮಸ್ಕಾರವಷ್ಟೇ ಸಾಕು. ನಿಜವಾದ ಪ್ರಶ್ನೆಗಳಿಗೆ ವಾರದ ನಡುವೆ ಸಮಯ ಕೇಳಿ. ಕೇಳಬೇಕಾದವು ಇವು: ನಿಮ್ಮ ವಿಶ್ವಾಸದ ಹೇಳಿಕೆ ಲಿಖಿತವಾಗಿದೆಯೇ, ರೊಟ್ಟಿ ಯಾರಿಗೆ, ದೀಕ್ಷಾಸ್ನಾನ ಯಾವ ವಯಸ್ಸಿಗೆ, ಹಣದ ಲೆಕ್ಕ ಯಾರು ನೋಡುತ್ತಾರೆ, ನಿಮ್ಮ ಮೇಲೆ ಯಾರಿದ್ದಾರೆ. ಕೊನೆಯ ಎರಡಕ್ಕೆ ಸಿಡುಕುವ ಸಭೆಯಿಂದ ದೂರವಿರುವುದೇ ಲೇಸು. ಸೇರುವ ಮನಸ್ಸಿದೆ ಎಂದರೆ ಆ ವಾರವೇ ನೀರಿಗಿಳಿಸುವ ಸಭೆಗಳು ಇವೆ, ಕಾಯಿಸುವ ಸಭೆಗಳೂ ಇವೆ. ಕ್ಯಾಥೊಲಿಕರಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ ಪಾಠವಿರುತ್ತದೆ, ಆ ಅವಧಿಯಲ್ಲಿ ಮನಸ್ಸು ಬದಲಾದರೆ ಬಿಟ್ಟು ಹೋಗಲು ಯಾವ ಅಡ್ಡಿಯೂ ಇಲ್ಲ.